ಐ7 ಬೇಡ, ‘ಎಫ್’ ಕೂಡ ಬೇಡ: ಆಟ–ಪಾಠ ಎರಡಕ್ಕೂ ಒಂದೇ ಕಂಪ್ಯೂಟರ್

ಪ್ರಶ್ನೆ: ಮಗ ಪ್ರಥಮ ಪಿಯುಸಿ ವಿಜ್ಞಾನ, ಮಗಳು ಎಂಟನೇ ಕ್ಲಾಸು. ಇಬ್ಬರಿಗೂ ಸೇರಿ ಒಂದು ಅಸೆಂಬಲ್ಡ್ ಕಂಪ್ಯೂಟರ್ ಮಾಡಿಸಬೇಕೆಂದಿದ್ದೇವೆ. 60 ಹರ್ಟ್ಸ್‌ನ ಫುಲ್ ಎಚ್‌ಡಿ ಮಾನಿಟರ್ ಮನೆಯಲ್ಲಿದೆ. ಉಳಿದದ್ದಕ್ಕೆ 60 ಸಾವಿರ ರೂಪಾಯಿ ತೆಗೆದಿಟ್ಟಿದ್ದೇವೆ. ಮಗ ವ್ಯಾಲರಂಟ್, ಜಿಟಿಎ 5, ಮೈನ್‌ಕ್ರಾಫ್ಟ್ ಆಡುತ್ತಾನೆ. ಅಂಗಡಿಯವರು ‘ಐ7 ಹಾಕಿಸಿಬಿಡಿ, ಹತ್ತು ವರ್ಷ ತಿರುಗಿ ನೋಡೋದು ಬೇಡ’ ಅನ್ನುತ್ತಾರೆ. ಮಗ ರೈಜನ್ ಎಂದು ಹಟ ಹಿಡಿದಿದ್ದಾನೆ. ಆನ್‌ಲೈನ್‌ನಲ್ಲಿ ನೋಡಿದರೆ 16 ಸಾವಿರಕ್ಕೇ ‘ಐ7 ಗೇಮಿಂಗ್ ಪಿಸಿ’ ಇದೆ. ಯಾವ ಪ್ರೊಸೆಸರ್ ತಗೋಬೇಕು? (ರಾಯಚೂರಿನ ಓದುಗರು)

ಉತ್ತರ: ಮೊದಲು ಹೆಸರು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಇಂಟೆಲ್ ಕೋರ್ ಐ5-12400 ತೆಗೆದುಕೊಳ್ಳಿ, ಸಂಖ್ಯೆಯ ಕೊನೆಗೆ ‘ಎಫ್’ ಅಕ್ಷರ ಇಲ್ಲದ್ದು. ಜೊತೆಗೆ ಬಿ660 ಅಥವಾ ಬಿ760 ಚಿಪ್‌ಸೆಟ್‌ನ (ಬೋರ್ಡಿನ ದರ್ಜೆ ತೀರ್ಮಾನಿಸುವ ಚಿಪ್ಪು), ಡಿಡಿಆರ್4 ತಲೆಮಾರಿನ ರ‍್ಯಾಮ್ ಕೂರುವ ಮದರ್‌ಬೋರ್ಡ್. ಇನ್ನೊಂದಿಷ್ಟು ದುಡ್ಡು ಹೊಂದಿಸಲು ಆಗುತ್ತದೆ ಎನ್ನುವುದಾದರೆ ಎಎಂಡಿಯ ರೈಜನ್ 5 7600. ನಿಮ್ಮ ಮಗ ಹೇಳುತ್ತಿರುವುದು ಬಹುಶಃ ರೈಜನ್ 5 5600 ಇರಬೇಕು. ಅದು ಒಳ್ಳೆಯ ಪ್ರೊಸೆಸರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮಂಥ ಮನೆಗೆ ಅದರಲ್ಲಿ ಒಂದು ಕೊರತೆ ಇದೆ, ಮುಂದೆ ಬರುತ್ತದೆ.

ಆ 16 ಸಾವಿರದ ‘ಐ7’ ವಿಷಯ ಮೊದಲು ಮುಗಿಸೋಣ. ಇಂಥ ಜಾಹೀರಾತುಗಳಲ್ಲಿ ‘ಐ7’ ಎಂದು ದಪ್ಪ ಅಕ್ಷರದಲ್ಲಿರುತ್ತದೆ, ಮುಂದಿನ ಸಂಖ್ಯೆ ಸಣ್ಣ ಅಕ್ಷರದಲ್ಲಿರುತ್ತದೆ ಅಥವಾ ಇರುವುದೇ ಇಲ್ಲ. ಕೇಳಿ ನೋಡಿದರೆ ಅದು ಐ7-2600 ಅಥವಾ ಐ7-3770 ಆಗಿರುತ್ತದೆ. ಮೊದಲನೆಯದು 2011ರದು, ಎರಡನೆಯದು 2012ರದು. ಯಾವುದೋ ಕಚೇರಿ ಹಳೆಯ ಸಾಮಾನು ಮಾರಿದಾಗ ಬಂದ ಚಿಪ್ಪು, ಅದಕ್ಕೆ ಹೆಸರು ಕೇಳಿರದ ಕಂಪನಿಯ ಎಚ್61 ಬೋರ್ಡ್, ಡಿಡಿಆರ್3 ರ‍್ಯಾಮ್, 2014ರ ಕಾಲದ ಜಿಟಿ 730 ಕಾರ್ಡ್, ಬಣ್ಣದ ಲೈಟಿನ ಹೊಸ ಕ್ಯಾಬಿನೆಟ್. ಹೊಸದು ಆ ಡಬ್ಬಿ ಮಾತ್ರ. ವಿಂಡೋಸ್ 11 ಇದನ್ನು ಅಧಿಕೃತವಾಗಿ ಒಪ್ಪುವುದಿಲ್ಲ; ಇಂಟೆಲ್‌ನಲ್ಲಿ 8ನೇ ತಲೆಮಾರು, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಈಚಿನವು ಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನೂ ಒಂದು ತೊಡಕಿದೆ. 2013ರಲ್ಲಿ ಇಂಟೆಲ್ 4ನೇ ತಲೆಮಾರಿನ ಜೊತೆ ಬಂದ ಎವಿಎಕ್ಸ್2 ಎಂಬ ಸೂಚನಾ ಗುಂಪು ಈ ಚಿಪ್ಪುಗಳಲ್ಲಿಲ್ಲ. ಅದನ್ನು ಬೇಡುವ ಹೊಸ ಆಟಗಳು ಇದರ ಮೇಲೆ ನಿಧಾನವಾಗಿಯೂ ಓಡುವುದಿಲ್ಲ, ಶುರುವೇ ಆಗುವುದಿಲ್ಲ. ಇವತ್ತಿನ ಐ3-12100ರಲ್ಲೂ ಅಷ್ಟೇ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು). ಆದರೂ ಅದು ಈ ಐ7 ಅನ್ನು ಬಹಳ ದೂರ ಹಿಂದೆ ಹಾಕುತ್ತದೆ.

ಹಾಗಾಗಿ ಐ3, ಐ5, ಐ7 ಎನ್ನುವುದನ್ನು ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಎಂದು ಓದಬೇಡಿ. ಅದು ಒಂದೇ ತಲೆಮಾರಿನ ಅಣ್ಣ–ತಮ್ಮಂದಿರ ನಡುವಿನ ಲೆಕ್ಕ ಅಷ್ಟೆ. ಪೂರ್ತಿ ಸಂಖ್ಯೆ ನೋಡಬೇಕು. 12400 ಎಂದರೆ ಮೊದಲ ‘12’ ತಲೆಮಾರು, ಉಳಿದ ‘400’ ಅದರೊಳಗಿನ ದರ್ಜೆ. 2600 ಎಂದರೆ ಎರಡನೇ ತಲೆಮಾರು.

ಈಗ ಆಟದ ವಿಷಯ. ಆಟ ನಡೆಯುವಾಗ ಪ್ರೊಸೆಸರ್ ಲೆಕ್ಕ ಮಾಡುತ್ತದೆ, ಗ್ರಾಫಿಕ್ಸ್ ಕಾರ್ಡ್ ಚಿತ್ರ ಬರೆಯುತ್ತದೆ. ಯಾರು ಎಲ್ಲಿ ನಿಂತಿದ್ದಾರೆ, ಗುಂಡು ತಾಗಿತೋ ಇಲ್ಲವೋ, ರಸ್ತೆಯಲ್ಲಿ ಎಷ್ಟು ಕಾರು ಓಡಬೇಕು, ಸರ್ವರ್‌ನಿಂದ ಏನು ಬಂತು, ಇದೆಲ್ಲ ಪ್ರೊಸೆಸರ್‌ನ ಪಾಲು. ಅದು ಲೆಕ್ಕ ಒಪ್ಪಿಸಿದ ಮೇಲೆಯೇ ಕಾರ್ಡ್ ಆ ಚೌಕಟ್ಟನ್ನು ಬಿಡಿಸಲು ಹೊರಡುವುದು. ನಿಮ್ಮ ಮಾನಿಟರ್ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ, ಅಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್ ಸಮಯವಿದೆ. 144 ಹರ್ಟ್ಸ್ ಮಾನಿಟರ್ ಆದರೆ 6.9 ಮಿಲಿಸೆಕೆಂಡ್. ಪ್ರೊಸೆಸರ್ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂದು ತೀರ್ಮಾನಿಸುವುದು ಆಟದ ಹೆಸರಿಗಿಂತ ಹೆಚ್ಚಾಗಿ ಈ ಸಂಖ್ಯೆ. ನಿಮ್ಮಲ್ಲಿರುವ ಮಾನಿಟರ್‌ಗೆ 12400 ದರ್ಜೆಯ ಆರು ಕೋರ್ ಧಾರಾಳ. ಮುಂದೆ ಮಗ 144 ಹರ್ಟ್ಸ್ ಮಾನಿಟರ್ ಕೊಡಿಸೆಂದು ಕಾಡಿದರೂ ವ್ಯಾಲರಂಟ್‌ಗೆ ಇದೇ ಸಾಕು. ಆ ಆಟ ಕಾರ್ಡನ್ನು ಅಷ್ಟಾಗಿ ಕೇಳುವುದಿಲ್ಲ; ಅದಕ್ಕೆ ಬೇಕಾದದ್ದು ಒಂದೆರಡು ವೇಗದ ಕೋರ್. ಮೈನ್‌ಕ್ರಾಫ್ಟ್ ಕೂಡ ಬಹುಮಟ್ಟಿಗೆ ಒಂದೇ ಥ್ರೆಡ್ ಮೇಲೆ ಭಾರ ಹಾಕುವ ಆಟ. ಎಂಟು, ಹನ್ನೆರಡು, ಇಪ್ಪತ್ತು ಕೋರ್ ಕೊಟ್ಟರೂ ಉಳಿದವು ಕೈಕಟ್ಟಿ ಕೂತಿರುತ್ತವೆ. ಜಿಟಿಎಯಲ್ಲಿ ಊರೊಳಗೆ ಗಾಡಿ ಓಡಿಸುವಾಗ ಪ್ರೊಸೆಸರ್‌ಗೆ ಕೆಲಸ ಜಾಸ್ತಿ, ಹುಲ್ಲು–ನೆರಳಿನ ಗುಣಮಟ್ಟ ಏರಿಸಿದರೆ ಕಾರ್ಡ್‌ಗೆ ಜಾಸ್ತಿ.

ಇರುವ ಯಂತ್ರದಲ್ಲಿ ಯಾರು ಹಿಂದೆ ಬೀಳುತ್ತಿದ್ದಾರೆ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಆಟದ ರೆಸಲ್ಯೂಷನ್ ಅನ್ನು 1080ರಿಂದ 720ಕ್ಕೆ ಇಳಿಸಿ. ಫ್ರೇಮ್ ಸಂಖ್ಯೆ (ಸೆಕೆಂಡಿಗೆ ಮೂಡುವ ಚಿತ್ರಗಳು) ಜಿಗಿದರೆ ಕಾರ್ಡ್ ಸಾಲುತ್ತಿಲ್ಲ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಸಾಲುತ್ತಿಲ್ಲ. ನಿಮ್ಮ ಮಗನ ಗೆಳೆಯರ ಮನೆಯ ಕಂಪ್ಯೂಟರ್‌ಗಳಲ್ಲಿ ಇದನ್ನು ಮಾಡಿ ನೋಡಲಿ, ಸಮಸ್ಯೆ ಬಹಳ ಕಡೆ ಕಾರ್ಡ್‌ನದೇ ಎಂದು ಅವನಿಗೇ ಗೊತ್ತಾಗುತ್ತದೆ. ಐ7ಗೆ ಸುರಿಯುವ ಹೆಚ್ಚುವರಿ ಹಣವನ್ನು ಕಾರ್ಡ್‌ಗೆ ಹಾಕಿ ಎನ್ನುವುದು ಇದೇ ಕಾರಣಕ್ಕೆ.

ಪಾಠದ ಕಡೆಗೆ ಬಂದರೆ ಪ್ರೊಸೆಸರ್‌ಗೆ ಅಲ್ಲಿ ಕೆಲಸವೇ ಇಲ್ಲ ಎನ್ನಬಹುದು. ವರ್ಡ್, ಪಿಪಿಟಿ, ನುಡಿ, ಪೈಥಾನ್ ಅಭ್ಯಾಸ, ಇಪ್ಪತ್ತು ಟ್ಯಾಬ್ ತೆರೆದ ಕ್ರೋಮ್, ಆನ್‌ಲೈನ್ ಕ್ಲಾಸು, ಇಷ್ಟನ್ನೂ ಐ3 ಕೂಡ ಲೀಲಾಜಾಲವಾಗಿ ಮಾಡುತ್ತದೆ. ಇಲ್ಲಿ ವೇಗ ಅನ್ನಿಸುವುದು ಎಸ್‌ಎಸ್‌ಡಿ ಮತ್ತು 16 ಜಿಬಿ ರ‍್ಯಾಮ್‌ನಿಂದ. ಹಾಗಿದ್ದರೆ ಪಾಠಕ್ಕೂ ಪ್ರೊಸೆಸರ್ ಆಯ್ಕೆಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ಅದು ವೇಗದ ಸಂಬಂಧ ಅಲ್ಲ.

ಇಂಟೆಲ್‌ನಲ್ಲಿ ‘ಎಫ್’ ಎಂಬ ಬಾಲ ಇದ್ದರೆ ಆ ಪ್ರೊಸೆಸರ್‌ನೊಳಗೆ ಚಿತ್ರ ತೋರಿಸುವ ಭಾಗ ಕೆಲಸ ಮಾಡುವುದಿಲ್ಲ. 12400 ಮತ್ತು 12400ಎಫ್ ಎರಡರಲ್ಲೂ ಅದೇ ಆರು ಕೋರ್, ಹನ್ನೆರಡು ಥ್ರೆಡ್, ಅದೇ 18 ಎಂಬಿ ಕ್ಯಾಶ್ (ಪ್ರೊಸೆಸರ್‌ನೊಳಗಿನ ಚಿಕ್ಕ, ವೇಗದ ಮೆಮರಿ), ಅದೇ 4.4 ಗಿಗಾಹರ್ಟ್ಸ್. ಎಫ್ ಸ್ವಲ್ಪ ಅಗ್ಗ. ಗೇಮಿಂಗ್ ಸಲಹೆ ಕೊಡುವವರೆಲ್ಲ ‘ಹೇಗೂ ಕಾರ್ಡ್ ಹಾಕ್ತೀರಿ, ಎಫ್ ತಗೊಳ್ಳಿ’ ಎನ್ನುವುದು ಅದಕ್ಕೇ. ಬರೀ ಆಟದ ಯಂತ್ರಕ್ಕೆ ಆ ಸಲಹೆ ಸರಿ. ಆದರೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟರೆ ವಾರಂಟಿಗೆ ಕಳಿಸಿ ಬದಲಿ ಬರುವಷ್ಟರಲ್ಲಿ ವಾರಗಳೇ ಕಳೆಯುತ್ತವೆ. ರಾಯಚೂರಿನಿಂದ ಕಳಿಸುವುದಾದರೆ ಕೊರಿಯರ್ ದಿನಗಳನ್ನೂ ಸೇರಿಸಿಕೊಳ್ಳಿ. ಅಷ್ಟೂ ದಿನ ಎಫ್ ಹಾಕಿದ ಕಂಪ್ಯೂಟರ್ ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಮಗಳ ಪ್ರಾಜೆಕ್ಟು, ಮಗನ ಪ್ರಾಕ್ಟಿಕಲ್ ರೆಕಾರ್ಡು ಎಲ್ಲ ಅದರೊಳಗೇ ಸಿಕ್ಕಿಕೊಂಡಿರುತ್ತದೆ. ಎಫ್ ಇಲ್ಲದ 12400ರಲ್ಲಿ ಯುಎಚ್‌ಡಿ 730 ಎಂಬ ಗ್ರಾಫಿಕ್ಸ್ ಒಳಗೇ ಇದೆ. ಕಾರ್ಡ್ ಬಿಚ್ಚಿ, ಮಾನಿಟರ್‌ನ ಕೇಬಲ್ಲನ್ನು ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿದರೆ ಪಾಠ ಮುಂದುವರಿಯುತ್ತದೆ. ಕಡಿಮೆ ಸೆಟ್ಟಿಂಗ್‌ನಲ್ಲಿ ವ್ಯಾಲರಂಟ್ ಕೂಡ ಹೇಗೋ ನಡೆಯುತ್ತದೆ. ಕಾರ್ಡ್ ಕೊಳ್ಳುವುದನ್ನು ಆರು ತಿಂಗಳು ಮುಂದೂಡಬೇಕಾಗಿ ಬಂದರೂ ಯಂತ್ರ ನಿಲ್ಲುವುದಿಲ್ಲ. ಶಾಲೆಯ ವಿಡಿಯೊ ಎಡಿಟ್ ಮಾಡುವಾಗ ಕೆಲಸ ಬೇಗ ಮುಗಿಸುವ ಇಂಟೆಲ್‌ನ ಕ್ವಿಕ್ ಸಿಂಕ್ ಎಂಬ ಸೌಲಭ್ಯ ಈ ಒಳ ಗ್ರಾಫಿಕ್ಸ್‌ನಲ್ಲೇ ಇರುವುದು. ನಿಮ್ಮ ಮನೆಯಲ್ಲಿ ಯಂತ್ರ ಒಂದೇ, ಬಳಸುವವರು ಇಬ್ಬರು, ಅದರಲ್ಲಿ ಒಬ್ಬಳಿಗೆ ಆಟದ ಗೊಡವೆಯೇ ಇಲ್ಲ. ಆ ಹೆಚ್ಚುವರಿ ದುಡ್ಡನ್ನು ವಿಮೆ ಎಂದುಕೊಳ್ಳಿ.

ರೈಜನ್ 5 5600ರ ಕೊರತೆ ಇದೇ: ಅದರಲ್ಲಿ ಒಳ ಗ್ರಾಫಿಕ್ಸ್ ಇಲ್ಲ, ಮತ್ತು ಎಎಂಡಿ ಅದನ್ನು ಹೆಸರಿನಲ್ಲಿ ಹೇಳುವುದೂ ಇಲ್ಲ. 5000 ಸರಣಿಯಲ್ಲಿ ‘ಜಿ’ ಇದ್ದರೆ ಮಾತ್ರ ಗ್ರಾಫಿಕ್ಸ್ ಇದೆ ಎಂದರ್ಥ. 7000 ಸರಣಿಗೆ ಬಂದರೆ ಲೆಕ್ಕ ತಿರುವುಮುರುವು: 7600ರಲ್ಲಿ ಪರದೆ ತೋರಿಸುವಷ್ಟು ಚಿಕ್ಕ ಗ್ರಾಫಿಕ್ಸ್ ಇದೆ, 7500ಎಫ್‌ನಲ್ಲಿ ಇಲ್ಲ. ಆಟದ ವೇಗದಲ್ಲಿ 5600 ಮತ್ತು 12400 ಹೆಚ್ಚು ಕಡಿಮೆ ಸಮಸಮ. ಇವೆರಡರ ನಡುವೆ ಅಭಿಮಾನಿಗಳು ನಡೆಸುವ ಜಗಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದದ್ದು ಹತ್ತಿರದ ಸಂಖ್ಯೆಗಳ ಬಗ್ಗೆ. ‘5600 ಸ್ಟಾಕ್ ಇಲ್ಲ, 5500 ಕೊಡ್ತೀನಿ, ನೂರರ ವ್ಯತ್ಯಾಸ ಅಷ್ಟೆ’ ಎಂದು ಅಂಗಡಿಯಲ್ಲಿ ಹೇಳಿದರೆ ಒಪ್ಪಬೇಡಿ. 5600ರಲ್ಲಿ 32 ಎಂಬಿ ಎಲ್3 ಕ್ಯಾಶ್, 5500ರಲ್ಲಿ ಅದರ ಅರ್ಧ, 16. ಪಿಸಿಐಇ (ಕಾರ್ಡ್‌ಗೆ ಮಾಹಿತಿ ಸಾಗುವ ದಾರಿ) ಕೂಡ 4.0 ಬದಲು 3.0. ರೈಜನ್ 5 4500 ಇನ್ನೂ ಹಳೆಯ ವಿನ್ಯಾಸ, ಕ್ಯಾಶ್ ಬರೀ 8 ಎಂಬಿ. ಆಟಗಳಲ್ಲಿ ಕ್ಯಾಶ್ ಬಹಳ ಮುಖ್ಯ. ಬೇಕಾದ ಮಾಹಿತಿ ಕ್ಯಾಶ್‌ನಲ್ಲಿ ಸಿಗದಿದ್ದರೆ ರ‍್ಯಾಮ್‌ವರೆಗೆ ಹೋಗಿ ತರಬೇಕು, ಅಷ್ಟು ಹೊತ್ತು ಕೋರ್ ಕಾಯುತ್ತಾ ಕೂರುತ್ತದೆ, ಪರದೆಯ ಮೇಲೆ ಅದು ಜರ್ಕ್ ಆಗಿ ಕಾಣುತ್ತದೆ. 96 ಎಂಬಿ ಎಲ್3 ಕ್ಯಾಶ್ ಇರುವ ರೈಜನ್‌ನ ಎಕ್ಸ್3ಡಿ ಮಾದರಿಗಳು ಗೇಮರ್‌ಗಳ ಕಣ್ಮಣಿಯಾಗಿರುವುದೂ ಇದರಿಂದಲೇ. 60 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು ಅವನ್ನು ಕೊಳ್ಳುವುದು ಮಾತ್ರ ದಂಡ.

ಕಾರ್ಡ್ ಇಲ್ಲದೆಯೇ ಎರಡು ವರ್ಷ ಸಾಗಿಸುತ್ತೇವೆ ಎಂದು ನೀವು ನಿರ್ಧರಿಸಿದರೆ ಉತ್ತರವೇ ಬದಲಾಗುತ್ತದೆ. ಆಗ ರೈಜನ್ 5 5600ಜಿ ಅಥವಾ 8600ಜಿ ನೋಡಿ. ಯುಎಚ್‌ಡಿ 730ಗಿಂತ ಇವುಗಳ ಒಳ ಗ್ರಾಫಿಕ್ಸ್ ಎಷ್ಟೋ ಮೇಲು; ವ್ಯಾಲರಂಟ್ ಚೆನ್ನಾಗಿಯೇ ಓಡುತ್ತದೆ, ಜಿಟಿಎ 5 ಕೂಡ ಕಡಿಮೆ ಸೆಟ್ಟಿಂಗ್‌ನಲ್ಲಿ ಆಡುವಂತಿರುತ್ತದೆ. ಇವುಗಳಿಗೆ ಪ್ರತ್ಯೇಕ ವಿಡಿಯೊ ಮೆಮರಿ ಇಲ್ಲ, ರ‍್ಯಾಮ್‌ನಲ್ಲೇ ಪಾಲು ಕೇಳುತ್ತವೆ. ಹಾಗಾಗಿ ಒಂದೇ 16 ಜಿಬಿ ಕಡ್ಡಿಯ ಬದಲು 8 ಜಿಬಿಯ ಎರಡು ಹಾಕಲೇಬೇಕು. ಒಂದೇ ಕಡ್ಡಿ ಹಾಕಿದರೆ ಗ್ರಾಫಿಕ್ಸ್ ವೇಗ ಎದ್ದು ಕಾಣುವಷ್ಟು ಬೀಳುತ್ತದೆ. ಮುಂದೆ ದೊಡ್ಡ ಕಾರ್ಡ್ ಹಾಕುವ ಯೋಚನೆ ಇದ್ದರೆ ಜಿ ಮಾದರಿ ಬೇಡ, ಇವುಗಳಲ್ಲೂ ಕ್ಯಾಶ್ 16 ಎಂಬಿ ಮಾತ್ರ. 8500ಜಿಯಲ್ಲಂತೂ ಕಾರ್ಡ್‌ಗೆ ಸಿಗುವುದು ನಾಲ್ಕೇ ಪಿಸಿಐಇ ಲೇನ್.

ಇನ್ನು ಐ7. ಇವತ್ತಿನ ಐ7-14700ರಲ್ಲಿ ಒಟ್ಟು 20 ಕೋರ್‌ಗಳಿವೆ, ಡಬ್ಬಿಯ ಮೇಲೆ 65 ವಾಟ್ ಎಂದಿರುತ್ತದೆ, ಟರ್ಬೊದಲ್ಲಿ (ವೇಗ ತಾತ್ಕಾಲಿಕವಾಗಿ ಏರಿದಾಗ) ಅದು 219 ವಾಟ್‌ವರೆಗೆ ಎಳೆಯಬಲ್ಲದು. 60 ಸಾವಿರದ ಬಜೆಟ್‌ನಲ್ಲಿ ಅದನ್ನು ಕೂರಿಸಬೇಕೆಂದರೆ ಅಂಗಡಿಯವರು ಬೋರ್ಡ್, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬಿ), ಕಾರ್ಡ್ ಮೂರರಲ್ಲೂ ಕೈ ಬಿಗಿ ಮಾಡಲೇಬೇಕು. ಅಗ್ಗದ ಎಚ್610 ಬೋರ್ಡಿನಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಹದಗೊಳಿಸಿ ಕೊಡುವ ವಿಆರ್‌ಎಂ ಭಾಗಕ್ಕೆ ಹೀಟ್‌ಸಿಂಕ್ ಕೂಡ ಇರುವುದಿಲ್ಲ ಎಂಬುದೇ ಹೆಚ್ಚು. ಅದು ಕಾದಾಗ ಬೋರ್ಡ್ ಪ್ರೊಸೆಸರ್‌ನ ವೇಗ ಇಳಿಸುತ್ತದೆ. ಐ7ನ ದುಡ್ಡು ಕೊಟ್ಟು ಐ5ನ ವೇಗ ಪಡೆದಂತಾಯಿತು. ಜೊತೆಗೆ 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಚಿಪ್ಪುಗಳಲ್ಲಿ, ಅಂದರೆ ಐ7, ಐ9 ಮತ್ತು ಐ5ರ ‘ಕೆ’ ಮಾದರಿಗಳಲ್ಲಿ, ಅತಿಯಾದ ವೋಲ್ಟೇಜ್‌ನಿಂದ ಚಿಪ್ಪು ಕ್ರಮೇಣ ಹಾಳಾಗಿ ಆಟಗಳು ಕ್ರ್ಯಾಶ್ ಆಗುವ ದೋಷ ಕಂಡುಬಂದಿತ್ತು. ಇಂಟೆಲ್ 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಮೈಕ್ರೊಕೋಡ್ (ಚಿಪ್ಪನ್ನು ನಡೆಸುವ ಒಳ ಸೂಚನೆಗಳು) ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಈಗ ಕೊಂಡರೂ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಅಪ್‌ಡೇಟ್ ಮಾಡಿಸದೆ ಬಳಸಬಾರದು. ಒಂದು ಸಲ ಹಾಳಾದ ಚಿಪ್ಪನ್ನು ಅಪ್‌ಡೇಟ್ ಸರಿಪಡಿಸುವುದಿಲ್ಲ, ಹಾಗಾಗಿ ಸೆಕೆಂಡ್‌ಹ್ಯಾಂಡ್ ಬೇಡವೇ ಬೇಡ. 12ನೇ ತಲೆಮಾರಿಗೆ ಈ ಕಾಯಿಲೆ ಇಲ್ಲ.

12400 ಕೂಡ 65 ವಾಟ್ ಎಂದು ಬರೆದುಕೊಂಡು ಟರ್ಬೊದಲ್ಲಿ 117 ವಾಟ್‌ವರೆಗೆ ಹೋಗಬಲ್ಲದು. ಆಟದಲ್ಲಿ ಅಷ್ಟು ಎಳೆಯುವುದಿಲ್ಲ, ಆದರೂ ರಾಯಚೂರಿನ ಬಿಸಿಲು ಲೆಕ್ಕಕ್ಕೆ ಬರಲೇಬೇಕು. ಕೋಣೆಯ ಬಿಸಿ 25ರಿಂದ 40 ಡಿಗ್ರಿಗೆ ಏರಿದರೆ ಒಳಗಿನ ಬಿಸಿಯೂ ಸುಮಾರು ಅಷ್ಟೇ, 15 ಡಿಗ್ರಿ, ಏರುತ್ತದೆ. ಬೆಂಗಳೂರಿನಲ್ಲಿ 70 ತೋರಿಸುವ ಯಂತ್ರ ನಿಮ್ಮಲ್ಲಿ ಏಪ್ರಿಲ್‌ನಲ್ಲಿ 85 ತೋರಿಸುತ್ತದೆ. 12400ರ ಮಿತಿ 100 ಡಿಗ್ರಿ, 5600ರದು 90, 7600ರದು 95. ಡಬ್ಬಿಯೊಳಗೆ ಬರುವ ಕೂಲರ್‌ನಲ್ಲೇ ಕೆಲಸ ನಡೆಯುತ್ತದೆ. ಆದರೆ ಕ್ಯಾಬಿನೆಟ್‌ನ ಮುಂಭಾಗ ಜಾಳಿಗೆಯದ್ದಾಗಿರಲಿ, ಗಾಜಿನದು ಬೇಡ. ಮುಂದೆ ಗಾಳಿ ಎಳೆಯುವ ಎರಡು ಫ್ಯಾನ್, ಹಿಂದೆ ಹೊರಹಾಕುವ ಒಂದು ಇರಲಿ. ತಿಂಗಳಿಗೊಮ್ಮೆ ಧೂಳು ಹಾರಿಸುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ಬಿರುಸಾಗಿ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಬಿ660 ಅಥವಾ ಬಿ760 ಬೋರ್ಡನ್ನೇ ಹೇಳಿದ್ದಕ್ಕೆ ಹೀಟ್‌ಸಿಂಕ್ ಒಂದು ಕಾರಣ, ಇನ್ನೊಂದು ರ‍್ಯಾಮ್. ಎಚ್610ರಲ್ಲಿ ಎರಡೇ ಸ್ಲಾಟ್, ಡಿಡಿಆರ್4 ವೇಗ 3200ಕ್ಕೆ ಸೀಮಿತ. ಬಿ ಸರಣಿಯ ಬೋರ್ಡ್‌ಗಳಲ್ಲಿ ನಾಲ್ಕು ಸ್ಲಾಟ್‌ಗಳಿರುವವು ಸಿಗುತ್ತವೆ; ಇವತ್ತು 8 ಜಿಬಿಯ ಎರಡು ಕಡ್ಡಿ ಹಾಕಿ, ಮುಂದೆ ಬೇಕಾದರೆ ಇನ್ನೆರಡು. ಕೊಳ್ಳುವಾಗ ಬೋರ್ಡಿನ ಹೆಸರಿನಲ್ಲಿ ಡಿಡಿಆರ್4 ಎಂದಿದೆಯೇ ನೋಡಿ. ಒಂದೇ ಬಿ760 ಹೆಸರಿನಲ್ಲಿ ಎರಡು ಬಗೆಯವೂ ಇವೆ, ಒಂದರ ಕಡ್ಡಿ ಇನ್ನೊಂದಕ್ಕೆ ಕೂರುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಮನೆಯಲ್ಲೋ ನೆಂಟರಲ್ಲೋ ಹಳೆಯ ಡೆಸ್ಕ್‌ಟಾಪ್‌ನ ಡಿಡಿಆರ್4 ಕಡ್ಡಿಗಳಿದ್ದರೆ ಈಗ ಅದಕ್ಕೆ ಬೆಲೆ ಬಂದಿದೆ, ಎಸೆಯಬೇಡಿ.

ರೈಜನ್ 7600 ಹೆಚ್ಚು ದುಬಾರಿ ಯಾಕೆಂದರೆ ಅದು ಕೂರುವ ಎಎಂ5 ಸಾಕೆಟ್‌ನ (ಪ್ರೊಸೆಸರ್ ಕೂರುವ ಜಾಗ) ಬೋರ್ಡ್‌ಗೆ ಡಿಡಿಆರ್5 ರ‍್ಯಾಮೇ ಆಗಬೇಕು. ಅದಕ್ಕೆ ಪ್ರತಿಯಾಗಿ ಸಿಗುವುದು ಮುಂದಿನ ದಾರಿ. ಎಎಂ5 ಅನ್ನು 2027ರವರೆಗೂ ಅದರಾಚೆಗೂ ಬೆಂಬಲಿಸುವುದಾಗಿ ಎಎಂಡಿ ಹೇಳಿದೆ. ಮಗ ಎಂಜಿನಿಯರಿಂಗ್ ಸೇರಿದ ಮೇಲೆ ಅದೇ ಬೋರ್ಡಿಗೆ ಬಯಾಸ್ ಅಪ್‌ಡೇಟ್ ಮಾಡಿ 9000 ಸರಣಿಯ ಚಿಪ್ಪು ಕೂರಿಸಬಹುದು. 12400ರ ಎಲ್‌ಜಿಎ 1700 ಸಾಕೆಟ್ 14ನೇ ತಲೆಮಾರಿಗೆ ನಿಂತುಹೋಯಿತು. ಹಾಗೆಂದು ಗ್ರಾಫಿಕ್ಸ್ ಕಾರ್ಡ್‌ನ ಹಣ ಕಿತ್ತು 7600ಗೆ ಹಾಕುವುದು ಬೇಡ. ಪ್ರೊಸೆಸರ್ ಬದಲಿಸುತ್ತೇವೆ ಎಂದು ಯೋಚಿಸಿಟ್ಟವರಲ್ಲಿ ನಿಜವಾಗಿ ಬದಲಿಸುವವರು ಕಡಿಮೆ.

60 ಸಾವಿರವನ್ನು ಹೀಗೆ ಹಂಚಬಹುದು: ಕಾರ್ಡ್‌ಗೆ 21–23 ಸಾವಿರ, ಪ್ರೊಸೆಸರ್‌ಗೆ 12–13, ಬೋರ್ಡ್‌ಗೆ 8, ಎಸ್‌ಎಂಪಿಎಸ್‌ಗೆ 4, ಕ್ಯಾಬಿನೆಟ್‌ಗೆ 3, ಉಳಿದದ್ದು ರ‍್ಯಾಮ್ ಮತ್ತು 500 ಜಿಬಿ ಎನ್‌ವಿಎಂಇ (ವೇಗದ ಬಗೆಯ) ಎಸ್‌ಎಸ್‌ಡಿಗೆ. ಕಾರ್ಡ್ 8 ಜಿಬಿ ಮೆಮರಿಯ ಆರ್‌ಎಕ್ಸ್ 6600 ದರ್ಜೆಯದ್ದಿರಲಿ. ರ‍್ಯಾಮ್ ಬೆಲೆಯಿಂದ ಲೆಕ್ಕ ಮೀರಿದರೆ ಎಸ್‌ಎಂಪಿಎಸ್‌ನಲ್ಲಿ ಉಳಿಸಲು ಹೋಗಬೇಡಿ. ಕಾರ್ಡನ್ನು ಮುಂದಕ್ಕೆ ಹಾಕಿ, ಯಂತ್ರ ಅಷ್ಟು ದಿನ ಒಳ ಗ್ರಾಫಿಕ್ಸ್‌ನಲ್ಲೇ ಓಡಲಿ. ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವ ಎಸ್‌ಎಂಪಿಎಸ್ ಮೇಲೆ 450 ವಾಟ್ ಎಂದು ಬರೆದಿದ್ದರೂ ನಂಬುವಂತಿಲ್ಲ. ಹೆಸರಾಂತ ಕಂಪನಿಯ, 80 ಪ್ಲಸ್ ಬ್ರಾಂಜ್ (ವಿದ್ಯುತ್ ದಕ್ಷತೆಯ) ಗುರುತಿನ 550 ವಾಟ್‌ನದು ಸಾಕು. ಲ್ಯಾಪ್‌ಟಾಪ್ ಬಗ್ಗೆ ನೀವು ಕೇಳಿಲ್ಲ. ಮನೆ ಬಿಟ್ಟು ಹೋಗದ ಯಂತ್ರಕ್ಕೆ ಈ ದುಡ್ಡಿನಲ್ಲಿ ಡೆಸ್ಕ್‌ಟಾಪೇ ಸರಿ.

ಕೊಳ್ಳಲು ಬೆಂಗಳೂರಿನ ಎಸ್‌.ಪಿ. ರೋಡಿಗಿಂತ ನಿಮಗೆ ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರ. ಎಲ್ಲಿ ಕೊಂಡರೂ ಪ್ರೊಸೆಸರ್ ಸೀಲ್ ಒಡೆಯದ ಡಬ್ಬಿಯಲ್ಲೇ ಬೇಕು ಎನ್ನಿ. ‘ಟ್ರೇ’ ಎಂದು ಬಿಡಿಯಾಗಿ ಕೊಡುವ ಚಿಪ್ಪು ಒಂದಿಷ್ಟು ಅಗ್ಗ, ಆದರೆ ಅದಕ್ಕೆ ಕೂಲರ್ ಇಲ್ಲ, ವಾರಂಟಿಗೆ ಅಂಗಡಿಯವರನ್ನೇ ನೆಚ್ಚಬೇಕು. ಡಬ್ಬಿಯದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇದೆ. ಜಿಎಸ್‌ಟಿ ಬಿಲ್ಲಿನಲ್ಲಿ ‘ಐ5 12ನೇ ಜನರೇಷನ್’ ಎಂದಷ್ಟೇ ಬರೆದರೆ ಸಾಲದು. 12400 ಎಂಬ ಪೂರ್ತಿ ಸಂಖ್ಯೆ, ಸೀರಿಯಲ್ ನಂಬರ್ ಎರಡೂ ಇರಬೇಕು. ಬಿಲ್ಲಿನಲ್ಲಿ ‘ಸಿಪಿಯು 1’ ಎಂದು ಬರೆದುಕೊಟ್ಟರೆ ಒಪ್ಪಬೇಡಿ. ನಮ್ಮಲ್ಲಿ ಇಡೀ ಕ್ಯಾಬಿನೆಟ್‌ಗೇ ಸಿಪಿಯು ಅನ್ನುವ ರೂಢಿ ಇರುವುದರಿಂದ ನಾಳೆ ಒಳಗಿನ ಚಿಪ್ಪಿಗೆ ಅದು ಸಾಕ್ಷಿಯಾಗುವುದಿಲ್ಲ. ಬೋರ್ಡಿನ ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಕೇಳಿ ತಂದಿಡಿ, ವಾರಂಟಿಗೆ ಕಳಿಸುವಾಗ ಅದಿಲ್ಲದಿದ್ದರೆ ತಕರಾರು ಬರುತ್ತದೆ. ಎಲ್‌ಜಿಎ ಸಾಕೆಟ್‌ನಲ್ಲಿ ಸೂಜಿಯಂಥ ಪಿನ್ನುಗಳಿರುವುದು ಬೋರ್ಡಿನಲ್ಲಿ, ಬೆರಳು ತಾಗಿದರೂ ಬಾಗುತ್ತವೆ.

ಜೋಡಿಸಿದ ಮೇಲೆ ಸಾಮಾನ್ಯವಾಗಿ ಎಡವುವ ಜಾಗಗಳು ಇವು. ಇಂಟೆಲ್ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಕಾಲುಗಳನ್ನು ಎದುರುಬದುರು ಜೋಡಿಯಾಗಿ ‘ಟಕ್’ ಎನ್ನುವವರೆಗೆ ಒತ್ತಬೇಕು. ಒಂದು ಕಾಲು ಅರ್ಧ ಕೂತರೂ ಕೂಲರ್ ಓರೆಯಾಗಿ, ಬರೀ ಬ್ರೌಸರ್ ತೆರೆದರೂ 90 ಡಿಗ್ರಿ ತೋರಿಸುತ್ತದೆ. ಎರಡು ರ‍್ಯಾಮ್ ಕಡ್ಡಿಗಳು ನಾಲ್ಕು ಸ್ಲಾಟ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡು ಮತ್ತು ನಾಲ್ಕನೆಯದಕ್ಕೆ ಹೋಗಬೇಕು, ಅಕ್ಕಪಕ್ಕದಲ್ಲಲ್ಲ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮರಿಯನ್ನು ಅದರ ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್) ಆನ್ ಮಾಡದಿದ್ದರೆ 3200ರ ರ‍್ಯಾಮ್ 2666ಕ್ಕೋ ಅದಕ್ಕೂ ಕಡಿಮೆಗೋ ಓಡಬಹುದು; ಟಾಸ್ಕ್ ಮ್ಯಾನೇಜರ್‌ನ ಮೆಮರಿ ಪುಟದಲ್ಲಿ ನೋಡಿದರೆ ಗೊತ್ತಾಗುತ್ತದೆ. ಕಾರ್ಡ್ ಇರುವಾಗ ಮಾನಿಟರ್ ಕೇಬಲ್ ಕಾರ್ಡ್‌ನಲ್ಲಿರಬೇಕು. ‘ಹೊಸ ಕಾರ್ಡ್ ಹಾಕಿದರೂ ಆಟ ನಿಧಾನ’ ಎಂಬ ದೂರು ಬಂದಾಗ ನಾವು ಮೊದಲು ಕೇಳುವ ಪ್ರಶ್ನೆಯೇ ಇದು. 7600 ತೆಗೆದುಕೊಂಡಿದ್ದರೆ ಮೊದಲ ಸಲ ಆನ್ ಮಾಡಿದಾಗ ಪರದೆ ಹಲವು ನಿಮಿಷ ಕಪ್ಪಾಗಿಯೇ ಇರಬಹುದು. ಡಿಡಿಆರ್5 ರ‍್ಯಾಮ್ ಅನ್ನು ಅದು ಪಳಗಿಸಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಸ್ವಿಚ್ ಆರಿಸಬೇಡಿ.

ವ್ಯಾಲರಂಟ್‌ಗೆ ಒಂದು ವಿಶೇಷ ಷರತ್ತಿದೆ. ವಿಂಡೋಸ್ 11ರಲ್ಲಿ ಅದರ ಕಳ್ಳಾಟ ತಡೆಯುವ ವ್ಯಾನ್‌ಗಾರ್ಡ್ ಎಂಬ ತಂತ್ರಾಂಶವು ಟಿಪಿಎಂ 2.0 (ಭದ್ರತಾ ಕೀಲಿ ಕಾಪಾಡುವ ಭಾಗ) ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶವನ್ನು ಮಾತ್ರ ಶುರುವಾಗಲು ಬಿಡುವ ವ್ಯವಸ್ಥೆ) ಎರಡೂ ಆನ್ ಇರಬೇಕೆನ್ನುತ್ತದೆ. ಇಲ್ಲದಿದ್ದರೆ ‘ವ್ಯಾನ್ 9001’ ಅಥವಾ ‘9003’ ಎಂಬ ದೋಷ ತೋರಿಸಿ ಆಟ ತೆರೆಯುವುದಿಲ್ಲ. ಇಂಟೆಲ್ ಬೋರ್ಡ್‌ನ ಬಯಾಸ್‌ನಲ್ಲಿ ಟಿಪಿಎಂನ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಸೆಕ್ಯೂರ್ ಬೂಟ್ ಆನ್ ಆಗಲು ಸಿಎಸ್‌ಎಂ (ಹಳೆಯ ಬೂಟ್ ವಿಧಾನ) ಆಫ್ ಆಗಿರಬೇಕು, ವಿಂಡೋಸ್ ಇರುವ ಡಿಸ್ಕ್ ಜಿಪಿಟಿ (ಡಿಸ್ಕ್ ವಿಭಾಗಿಸುವ ಹೊಸ ವಿಧಾನ) ಮಾದರಿಯದಾಗಿರಬೇಕು. ಅಂಗಡಿಯಲ್ಲಿ ಹಳೇ ಪೆನ್‌ಡ್ರೈವ್‌ನಿಂದ ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಿ ವಿಂಡೋಸ್ ಹಾಕಿಕೊಟ್ಟಿದ್ದರೆ ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಕಂಪ್ಯೂಟರ್ ಬೂಟ್ ಆಗುವುದೇ ನಿಲ್ಲುತ್ತದೆ. ಕೊಂಡ ದಿನವೇ ಅಂಗಡಿಯವರ ಎದುರೇ ಇದನ್ನು ನೋಡಿಕೊಳ್ಳಿ. ಮೊಬೈಲ್ ಆಟಗಳನ್ನು ಎಮ್ಯುಲೇಟರ್‌ನಲ್ಲಿ (ಫೋನನ್ನು ಅನುಕರಿಸುವ ತಂತ್ರಾಂಶ) ಆಡುವುದಿದ್ದರೆ ಬಯಾಸ್‌ನಲ್ಲಿ ವರ್ಚುವಲೈಸೇಷನ್ ಕೂಡ ಆನ್ ಇರಲಿ.

ಕರೆಂಟ್ ವಿಷಯ. ಈ ಯಂತ್ರ ಆಟದ ಹೊತ್ತಿನಲ್ಲಿ ಮಾನಿಟರ್ ಸೇರಿ 250ರಿಂದ 300 ವಾಟ್ ಎಳೆಯುತ್ತದೆ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಎಂದರೆ ಸುಮಾರು 360 ವಾಟ್; ಹೊಸ ಬ್ಯಾಟರಿಯಿದ್ದಾಗ ಸೇವ್ ಮಾಡಿ ಆರಿಸಲು ಸಮಯ ಸಿಗುತ್ತದೆ, ಬ್ಯಾಟರಿ ಹಳತಾದರೆ ಕರೆಂಟ್ ಹೋದ ಕೂಡಲೇ ಅದೂ ಹೋಗುತ್ತದೆ. 1000 ವಿಎ ಆದರೆ ನೆಮ್ಮದಿ. ಮನೆಯ ಚೌಕ ಅಲೆಯ (ಸ್ಕ್ವೇರ್ ವೇವ್) ಹಳೇ ಇನ್ವರ್ಟರ್‌ಗೆ ಇದನ್ನು ಹಚ್ಚಬೇಡಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಪ್ಲಗ್‌ನ ಮೂರನೇ ಪಿನ್ನಿಗೆ ಅರ್ಥಿಂಗ್ ಇಲ್ಲವೆಂದು ತಿಳಿಯಿರಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಯಂತ್ರ ಮನೆಗೆ ಬಂದ ದಿನ ಮಗನಿಂದ ಒಂದು ಕೆಲಸ ಮಾಡಿಸಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಪಕ್ಕಕ್ಕಿಡಲಿ. ಸ್ಲಾಟ್‌ನ ತುದಿಯ ಚಿಕ್ಕ ಕೊಂಡಿ ಒತ್ತಿದ ಮೇಲೆಯೇ ಅದು ಈಚೆ ಬರುವುದು. ಕೇಬಲ್ ಬೋರ್ಡಿಗೆ ಹಾಕಿ ಆನ್ ಮಾಡಿ, ವಿಂಡೋಸ್ ತೆರೆದುಕೊಂಡು ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿಸಿಕೊಳ್ಳುವವರೆಗೆ ಕಾಯಲಿ. ಆಮೇಲೆ ಕಾರ್ಡ್ ಮತ್ತೆ ಕೂರಿಸಲಿ. ಪರದೆ ಬರಲಿಲ್ಲ ಎಂದರೆ ಅಂಗಡಿಯವರು 12400 ಎಂದು ಬಿಲ್ ಬರೆದು 12400ಎಫ್ ಹಾಕಿರಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್‌ನ ಹೆಸರು ಪೂರ್ತಿ ಓದಿ, ಅದೇ ದಿನ ವಾಪಸ್ ಒಯ್ಯಿರಿ.